ಮೃಗಾಲಯವೂ ಮೃಗರಕ್ಷಣೆಯೂ: ಬಳ್ಳಾರಿಯ ಸೀಮೆಯನ್ನು ಮುಂದಿಟ್ಟು ಒಂದು ವಿಮರ್ಶೆ

೧. ವಿಷಯಪ್ರವೇಶ

ಮೃಗಾಲಯಗಳು ತಮ್ಮ ಉದ್ದೇಶವನ್ನು ಹೇಳಿಕೊಳ್ಳುವ ರೀತಿಯು ಕಳೆದ ಐವತ್ತು ವರ್ಷಗಳಲ್ಲಿ ಬಹಳವಾಗಿ ಮಾರ್ಪಟ್ಟಿರುವುದು. ಹಿಂದೆ ವಿನೋದವೆಂದೂ ರಾಜವೈಭವವೆಂದೂ ಹೇಳುತ್ತಿದ್ದ ಕಡೆಯಲ್ಲಿ ಈಗ ವನ್ಯಜೀವಿ ಸಂರಕ್ಷಣೆಯೆಂದು ಹೇಳುತ್ತಾರೆ. ಮಾತು ಬದಲಾಯಿತೆಂಬುದರಲ್ಲಿ ಸಂದೇಹವಿಲ್ಲ. ಮಾತಿನೊಡನೆ ಕಾರ್ಯವೂ ಬದಲಾಯಿತೇ ಎಂಬುದು ವಿಚಾರಮಾಡತಕ್ಕ ವಿಷಯ. ಪ್ರಕೃತ ಲೇಖನದಲ್ಲಿ ಈ ವಿಚಾರವನ್ನು ಬಳ್ಳಾರಿಯ ಸೀಮೆಯ ಎರಡು ಜೀವಿಗಳನ್ನು ಮುಂದಿಟ್ಟುಕೊಂಡು ಮಾಡಲು ಯತ್ನಿಸಿದೆ.

ಭಾಷಾಸಾಹಿತ್ಯಗಳಿಗೆ ಮೀಸಲಾದ ಪತ್ರಿಕೆಯಲ್ಲಿ ಹುಲಿ ಕರಡಿಗಳ ಮಾತೇಕೆ ಎಂದು ಕೆಲವರು ಕೇಳಬಹುದು. ಇದಕ್ಕೆ ಎರಡು ಸಮಾಧಾನಗಳುಂಟು. ಮೊದಲನೆಯದು, ಮೃಗಾಲಯದ ಧ್ಯೇಯವನ್ನು ಸಾರುವ ಕಾನೂನು, ನೀತಿಪತ್ರ, ಫಲಕ ಇವೆಲ್ಲವೂ ಬರಹಗಳೇ. ಶಬ್ದವು ತನ್ನ ಅರ್ಥವನ್ನು ಹೊರುವಷ್ಟು ಬಲವುಳ್ಳದ್ದೇ ಎಂದು ಪರೀಕ್ಷಿಸುವುದು ವಿಮರ್ಶಕನ ಕೆಲಸ. ಎರಡನೆಯದು, ಒಂದು ಸೀಮೆಯಿಂದ ಒಂದು ಪ್ರಾಣಿ ತೊಲಗಿದರೆ ಅದರ ಹೆಸರೂ ಅದನ್ನು ಕುರಿತ ಮಾತುಗಳೂ ಜನರ ಬಾಯಿಂದ ತೊಲಗುವುವು. ನಿಘಂಟುಕಾರನಿಗೂ ಉಪಾಧ್ಯಾಯನಿಗೂ ಇದು ಹೊರಗಿನ ಸಂಗತಿಯಲ್ಲ.

೨. ಶಬ್ದವಿಚಾರ

‘ಮೃಗ’ವೆಂಬುದಕ್ಕೆ ಸಂಸ್ಕೃತದಲ್ಲಿ ಕಾಡುಪ್ರಾಣಿಯೆಂಬ ಸಾಮಾನ್ಯಾರ್ಥವೂ ಜಿಂಕೆಯೆಂಬ ವಿಶೇಷಾರ್ಥವೂ ಉಂಟು. ಹುಡುಕು, ಅರಸು ಎಂಬರ್ಥದ ಧಾತುವಿನೊಡನೆ ಅದನ್ನು ಸಂಬಂಧಪಡಿಸುವುದು ವಾಡಿಕೆ. ಬೇಟೆಗೆ ‘ಮೃಗಯೆ’ಯೆಂಬ ಹೆಸರಿರುವುದನ್ನು ಎಲ್ಲರೂ ಬಲ್ಲರು. ಕನ್ನಡದಲ್ಲಿ ಇದೇ ‘ಮಿಗ’ವೆಂದು ತದ್ಭವವಾಯಿತು. ‘ಆಲಯ’ವಾದರೋ ನೆಲೆ, ಮನೆ ಎಂಬ ಅರ್ಥದ್ದು, ದೇವಾಲಯ, ವಿದ್ಯಾಲಯ, ಗ್ರಂಥಾಲಯಗಳಲ್ಲಿ ಗೌರವವನ್ನು ಪಡೆದ ಶಬ್ದ. ಹೀಗೆ ಬೆನ್ನಟ್ಟಲ್ಪಡುವುದನ್ನೂ ನೆಲೆಗೊಳ್ಳುವುದನ್ನೂ ಒಂದೇ ಸಮಾಸದಲ್ಲಿ ಕಟ್ಟಿದ್ದಾಯಿತು. ಬೋನು, ಪಂಜರ ಎಂಬ ಹಳೆಯ ಮಾತುಗಳು ಇದ್ದುದನ್ನು ಇದ್ದಂತೆ ಹೇಳುತ್ತಿದ್ದುವು. ‘ಮೃಗಾಲಯ’ವು ಇನ್ನೂ ಸಾಧಿಸಬೇಕಾದುದನ್ನು ಸಾಧಿಸಿದಂತೆ ಹೇಳುತ್ತದೆ. ಪಂಜರವು ಆಲಯವಾಗಬೇಕಾದರೆ ಅಲ್ಲಿರುವ ಪ್ರಾಣಿಗೆ ತನ್ನ ನಿಜವಾದ ನೆಲೆಯೊಡನೆ ಏನಾದರೊಂದು ಸಂಬಂಧ ಉಳಿದಿರಬೇಕು.

ಇನ್ನೊಂದು ಸಂಗತಿಯೂ ಇಲ್ಲಿ ಸ್ಮರಣೀಯ. ಪ್ರಾಣಿಗಳನ್ನು ಕುರಿತ ಶಾಸ್ತ್ರಸಾಹಿತ್ಯವು ಕನ್ನಡನಾಡಿಗೆ ಹೊಸದಲ್ಲ. ಗಂಗರಾಜನಾದ ಶಿವಮಾರನ ‘ಗಜಾಷ್ಟಕ’ವು ದೊರೆತಿಲ್ಲವಾದರೂ ಶಾಸನದಿಂದ ಅದರ ಖ್ಯಾತಿಯು ತಿಳಿದುಬರುವುದು. ಚಾಲುಕ್ಯ ಕೀರ್ತಿವರ್ಮನು ‘ಗೋವೈದ್ಯ’ವನ್ನೂ ಅಭಿನವಚಂದ್ರನು ‘ಅಶ್ವವೈದ್ಯ’ವನ್ನೂ ಬರೆದರು. ಆನೆ ಸೈನ್ಯಕ್ಕೆ, ಕುದುರೆ ರಾವುತನಿಗೆ, ಹಸು ಒಕ್ಕಲಿಗೆ ಬೇಕಾದುವು. ಬೇಕಾದ ಪ್ರಾಣಿಗೆ ಶಾಸ್ತ್ರ ಹುಟ್ಟಿತು. ಕರಡಿಗೂ ತೋಳನಿಗೂ ಎರೆಯ ಹೊಲದ ಹಕ್ಕಿಗೂ ಅಂತಹ ಶಾಸ್ತ್ರ ಹುಟ್ಟಲಿಲ್ಲ. ಉಪಯೋಗವಿಲ್ಲದ ಜೀವಿಯ ಬಾಳನ್ನು ತಿಳಿದುಕೊಂಡು ಬರೆದಿಡುವ ಹೊಣೆಯು ಈ ಕಾಲದಲ್ಲಿ ಯಾರದಾದರೂ ಆಗಿದ್ದರೆ ಅದು ಮೃಗಾಲಯದ್ದೂ ಆಗಿರಬೇಕು.

೩. ಉದ್ದೇಶವು ಬೆಳೆದುಬಂದ ಬಗೆ

ಕರ್ಣಾಟಕದಲ್ಲಿ ಈ ಸಂಸ್ಥೆಯ ಚರಿತ್ರೆಯು ಮೈಸೂರಿನಿಂದ ಮೊದಲಾಗುವುದು. ೧೮೯೨ರಲ್ಲಿ ಚಾಮರಾಜೇಂದ್ರ ಒಡೆಯರವರು ಸುಮಾರು ಹತ್ತು ಎಕರೆ ನೆಲದಲ್ಲಿ ಅರಮನೆಯ ಮೃಗಶಾಲೆಯನ್ನು ಸ್ಥಾಪಿಸಿದರು. ೧೯೦೯ರಲ್ಲಿ ಅದಕ್ಕೆ ಅವರ ಹೆಸರನ್ನೇ ಇಟ್ಟರು. ದೂರದೇಶದ ಅಪೂರ್ವ ಪ್ರಾಣಿಗಳನ್ನು ಒಂದೆಡೆ ಕಲೆಹಾಕಿ ಪ್ರಜೆಗಳಿಗೆ ತೋರಿಸುವುದೇ ಅಂದಿನ ಧ್ಯೇಯ. ಅದಕ್ಕಾಗಿ ಆ ಕಾಲವನ್ನು ನಿಂದಿಸುವುದು ಉಚಿತವಲ್ಲ. ಅಂದು ಕಾಡು ಅಕ್ಷಯವೆಂಬ ನಂಬಿಕೆಯಿತ್ತು.

ಆ ನಂಬಿಕೆಯು ಮುರಿದುದಕ್ಕೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೇ ಸಾಕ್ಷಿ. ೧೯೭೯ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರವು ಹುಟ್ಟಿತು. ೧೯೯೧ರ ತಿದ್ದುಪಡಿಯಿಂದ ಮೃಗಾಲಯಗಳನ್ನು ಕುರಿತ ಪ್ರತ್ಯೇಕ ಅಧ್ಯಾಯವೊಂದು ಕಾಯಿದೆಯಲ್ಲಿ ಸೇರಿತು. ಮರುವರ್ಷವೇ ಕೇಂದ್ರ ಮೃಗಾಲಯ ಪ್ರಾಧಿಕಾರವು ಸ್ಥಾಪಿತವಾಗಿ, ಮನ್ನಣೆಯಿಲ್ಲದೆ ಯಾರೂ ಮೃಗಾಲಯವನ್ನು ನಡೆಸಕೂಡದೆಂಬ ನಿಯಮವಾಯಿತು. ೧೯೯೮ರ ರಾಷ್ಟ್ರೀಯ ಮೃಗಾಲಯ ನೀತಿಯು ಇನ್ನೂ ಮುಂದೆ ಹೋಗಿ, ದೇಶದ ಜೀವಸಂಪತ್ತನ್ನು ಕಾಪಾಡುವ ಪ್ರಯತ್ನಕ್ಕೆ ಪೂರಕವಾಗಿರುವುದೇ ಮೃಗಾಲಯಗಳ ಮುಖ್ಯೋದ್ದೇಶವೆಂದು ಸಾರಿತು.

ಈ ನೀತಿಪತ್ರದಲ್ಲಿ ವಿಮರ್ಶಕನು ಗಮನಿಸತಕ್ಕುದು ‘ಪೂರಕ’ವೆಂಬ ಭಾವವನ್ನು. ಪೂರಕವಾದದ್ದು ತನ್ನಷ್ಟಕ್ಕೆ ತಾನು ಪೂರ್ಣವಲ್ಲ. ಅದು ಇನ್ನೊಂದನ್ನು ತುಂಬತಕ್ಕದ್ದು. ಆ ಇನ್ನೊಂದು ಬೇಲಿಯ ಹೊರಗಿರುವ ಕಾಡು, ಹುಲ್ಲುಗಾವಲು, ಬಂಡೆಗುಡ್ಡ. ಆದುದರಿಂದ ನೀತಿಯ ಮಾತನ್ನೇ ಪ್ರಮಾಣವಾಗಿಟ್ಟುಕೊಂಡರೆ, ಮೃಗಾಲಯವನ್ನು ಅದರ ಒಳಗೆ ನಿಂತು ಅಳೆಯಲಾಗದು. ಎಷ್ಟು ಜಾತಿ, ಎಷ್ಟು ಮರಿ, ಎಷ್ಟು ಪ್ರೇಕ್ಷಕರು ಎಂಬ ಲೆಕ್ಕಗಳು ಸಂಗ್ರಹದ ಲೆಕ್ಕಗಳು. ಸಂರಕ್ಷಣೆಯ ಲೆಕ್ಕವು ಬೇಲಿಯಾಚೆಗೆ ಇರುವುದು. ಇದೇ ಈ ಲೇಖನದ ಮುಖ್ಯಪ್ರತಿಪಾದನೆ.

೪. ಯೋಜನೆಯ ಲಕ್ಷಣ

ಮೃಗಾಲಯವು ಹೊರಗಿನ ಕಾಡಿಗೆ ಹೇಗೆ ಪೂರಕವಾಗಬಲ್ಲದು? ಇದಕ್ಕೆ ವಿದ್ವಾಂಸರು ಕಂಡುಕೊಂಡಿರುವ ಮಾರ್ಗಗಳು ಮುಖ್ಯವಾಗಿ ಮೂರು.

ಒಂದನೆಯದು ವಂಶಾವಳಿಯ ಪುಸ್ತಕ. ಬೇರೆ ಬೇರೆ ಊರಿನ ಮೃಗಾಲಯಗಳಲ್ಲಿರುವ ಒಂದು ಜಾತಿಯ ಪ್ರತಿಯೊಂದು ಪ್ರಾಣಿಯ ತಾಯಿ, ತಂದೆ, ಹುಟ್ಟು, ಸಾವುಗಳನ್ನು ಒಂದೇ ಕಡೆ ದಾಖಲೆಮಾಡಿ, ಹತ್ತಿರದ ರಕ್ತಸಂಬಂಧಿಗಳು ಕೂಡದಂತೆ ಜೊತೆಗಳನ್ನು ಗೊತ್ತುಮಾಡುವುದು ಇದರ ಕ್ರಮ. ಭಾರತದಲ್ಲಿ ಎಪ್ಪತ್ತಕ್ಕೂ ಮಿಕ್ಕ ಜಾತಿಗಳನ್ನು ಆಯ್ದು ಇಂತಹ ಸಂತಾನವೃದ್ಧಿಯ ಕಾರ್ಯವನ್ನು ಆಯಾ ಮೃಗಾಲಯಗಳಿಗೆ ಹಂಚಿಕೊಟ್ಟಿದ್ದಾರೆ. ಎರಡನೆಯದು ಸಮಾಲೋಚನೆ. ಒಂದು ಪ್ರಾಣಿಯನ್ನು ಕಾಡಿನಲ್ಲಿ ಕಂಡವರು, ಮೃಗಾಲಯದಲ್ಲಿ ಸಾಕಿದವರು, ಅರಣ್ಯಾಧಿಕಾರಿಗಳು, ಲೆಕ್ಕ ಬಲ್ಲವರು ಒಟ್ಟಿಗೆ ಕುಳಿತು, ಅದು ಇನ್ನು ನೂರು ವರ್ಷ ಉಳಿಯುವುದೇ, ಉಳಿಯದಿದ್ದರೆ ಕಾರಣವೇನು ಎಂದು ತರ್ಕಿಸುವುದು. ನಮ್ಮ ಪಶ್ಚಿಮಘಟ್ಟದ ಸಿಂಗಳೀಕವನ್ನು ಕುರಿತು ಇಂತಹದೊಂದು ಸಭೆಯು ೧೯೯೩ರಲ್ಲಿ ನಡೆಯಿತು. ಕಾಡಿಗೊಂದು ಮೃಗಾಲಯಕ್ಕೊಂದು ಎಂದು ಎರಡು ಯೋಜನೆಗಳಿರಬಾರದು, ಜಾತಿಯೊಂದಕ್ಕೆ ಯೋಜನೆಯೂ ಒಂದೇ ಆಗಿರಬೇಕು ಎಂಬುದು ಇಂತಹ ಸಮಾಲೋಚನೆಗಳಿಂದ ಈಚೆಗೆ ಬಲಗೊಂಡ ಮತ. ಮೂರನೆಯದು ಹಣ ಮತ್ತು ವಿದ್ಯೆ: ಪ್ರವೇಶದ ಹಣದಲ್ಲಿ ಒಂದು ಪಾಲನ್ನು ಕಾಡಿನ ಕೆಲಸಕ್ಕೆ ಕೊಡುವುದು, ಪಶುವೈದ್ಯರ ಅನುಭವವನ್ನು ಗಾಯಗೊಂಡ ಕಾಡುಪ್ರಾಣಿಯ ಉಪಯೋಗಕ್ಕೆ ತರುವುದು, ನೋಡಬಂದವರಿಗೆ ತಿಳಿವಳಿಕೆ ಕೊಡುವುದು.

ಈ ಮಾರ್ಗಗಳ ಬಲವನ್ನೂ ಮಿತಿಯನ್ನೂ ಒಂದೇ ನಿದರ್ಶನದಿಂದ ತಿಳಿಯಬಹುದು. ಅರಬಸ್ತಾನದ ಓರಿಕ್ಸ್ ಎಂಬ ಬಿಳಿಯ ಹುಲ್ಲೆಯು ೧೯೭೨ರ ವೇಳೆಗೆ ತನ್ನ ಮರುಭೂಮಿಯಲ್ಲಿ ನಿರ್ಮೂಲವಾಯಿತು. ಅದಕ್ಕೆ ಹತ್ತು ವರ್ಷ ಮುಂಚೆಯೇ ಕೆಲವನ್ನು ಹಿಡಿದು, ಇತರ ಸಂಗ್ರಹಗಳಲ್ಲಿದ್ದುವನ್ನೂ ಸೇರಿಸಿ, ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಸಂತಾನವನ್ನು ಬೆಳಸಿದ್ದರು. ೧೯೮೨ರಲ್ಲಿ ಅವುಗಳ ಪೀಳಿಗೆಯನ್ನು ಓಮಾನ್ ದೇಶದ ಮರುಭೂಮಿಗೆ ಮರಳಿ ಬಿಟ್ಟರು. ಮೃಗಾಲಯವಿಲ್ಲದಿದ್ದರೆ ಆ ಜಾತಿಯು ಇಂದು ಇರುತ್ತಿರಲಿಲ್ಲ. ಆದರೆ ಓಮಾನಿನಲ್ಲಿ ಮುಂದೆ ನಡೆದುದೇನು? ೧೯೯೬ರಲ್ಲಿ ಸುಮಾರು ೪೫೦ ಇದ್ದ ಹುಲ್ಲೆಗಳು ಕಳ್ಳಬೇಟೆಯಿಂದ ೨೦೦೭ರ ವೇಳೆಗೆ ಸುಮಾರು ೬೫ಕ್ಕೆ ಇಳಿದುವು. ಅಲ್ಲಿಯ ರಕ್ಷಿತಪ್ರದೇಶವನ್ನು ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಕಡಿಮೆಮಾಡಿದ ಕಾರಣ ಅದೇ ವರ್ಷ ವಿಶ್ವಪರಂಪರೆಯ ಪಟ್ಟಿಯಿಂದ ಅದನ್ನು ತೆಗೆದುಹಾಕಿದರು. ನೆಲವನ್ನು ಕಾದ ಬೇರೆ ದೇಶಗಳಲ್ಲಿ ಅದೇ ಹುಲ್ಲೆ ನೆಲೆಗೊಂಡು, ೨೦೧೧ರಲ್ಲಿ ಅಪಾಯದ ಪಟ್ಟಿಯಲ್ಲಿ ಒಂದು ಮೆಟ್ಟಲು ಕೆಳಗಿಳಿಯಿತು. ಪ್ರಾಣಿಯು ಅದೇ, ಸಾಕಿದ ವಿದ್ಯೆಯೂ ಅದೇ; ಭೇದವೆಲ್ಲ ನೆಲದಲ್ಲಿ.

ಓಲೆಗರಿಯ ಪ್ರತಿಗಳನ್ನು ಶೋಧಿಸಿದವರಿಗೆ ಇದು ಹೊಸ ಮಾತಲ್ಲ. ಭಂಡಾರದಲ್ಲಿ ಕಾವ್ಯದ ಒಂದು ಪ್ರತಿ ಉಳಿದರೆ ಕಾವ್ಯವು ನಾಶವಾಗಲಿಲ್ಲವೆಂಬುದು ನಿಜ. ಅದನ್ನು ಓದುವ, ಹಾಡುವ, ಅರ್ಥಹೇಳುವ ಪರಂಪರೆಯು ಕಡಿದುಹೋದರೆ ಉಳಿದದ್ದು ಪ್ರತಿಯೇ ಹೊರತು ಕಾವ್ಯದ ಬಾಳುವೆಯಲ್ಲ. ಪ್ರತಿಯಿಂದ ಪರಂಪರೆಯನ್ನು ಮತ್ತೆ ಎಬ್ಬಿಸಬಹುದು. ಆದರೆ ಕೇಳುವ ಜನವಿದ್ದರೆ ಮಾತ್ರ.

೫. ಕಮಲಾಪುರ ಮತ್ತು ದರೋಜಿ

ಈ ಪ್ರಮಾಣವನ್ನು ಹಿಡಿದು ಬಳ್ಳಾರಿಯ ಸೀಮೆಗೆ ಬರೋಣ. ಬಳ್ಳಾರಿ ನಗರದಲ್ಲಿ ಒಂದು ಕಿರು ಮೃಗಾಲಯವಿತ್ತು. ಬ್ರೂಸ್‌ಪೇಟೆಯ ಹುಡುಗನಿಗೆ ಅದು ಊರೊಳಗಣ ನೋಟ. ೨೦೧೭ರಲ್ಲಿ ಕಮಲಾಪುರದ ಬಳಿ, ಬಿಳಿಕಲ್ಲು ಮೀಸಲು ಅರಣ್ಯದಲ್ಲಿ, ಅಟಲ್ ಬಿಹಾರಿ ವಾಜಪೇಯಿ ಪ್ರಾಣಿಸಂಗ್ರಹಾಲಯವು ತೆರೆದ ಮೇಲೆ ಅಲ್ಲಿಯ ಪ್ರಾಣಿಗಳನ್ನು ಇಲ್ಲಿಗೆ ಸಾಗಿಸಿದರು. ಅಂದು ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕಮಲಾಪುರವು ೨೦೨೧ರಿಂದ ವಿಜಯನಗರ ಜಿಲ್ಲೆಯಲ್ಲಿರುವುದು. ಇಕ್ಕಟ್ಟಾದ ಊರೊಳಗಿನಿಂದ ಕಾಡಿನ ಅಂಚಿಗೆ ಬಂದುದು ಪ್ರಾಣಿಗಳ ದೃಷ್ಟಿಯಿಂದ ಲಾಭವೇ ಸರಿ. ಆದರೆ ಬಳ್ಳಾರಿಯ ಬಡಮಕ್ಕಳಿಗೆ ಅದು ಸುಮಾರು ಅರವತ್ತು ಕಿಲೋಮೀಟರು ದೂರವಾಯಿತು. ನಗರದ ಶಾಲೆಗಳ ಪಾಲಿಗೆ ಆ ದೂರವನ್ನು ತುಂಬುವ ಏರ್ಪಾಡು ಮೃಗಾಲಯದ ಯೋಜನೆಯ ಒಂದು ಅಂಗವಾಗಬೇಕಾದುದು ನ್ಯಾಯ.

ಈ ಉದ್ಯಾನಕ್ಕೆ ಕರ್ಣಾಟಕದ ಇತರ ಮೃಗಾಲಯಗಳಿಗಿಲ್ಲದ ಒಂದು ಅನುಕೂಲವುಂಟು. ಅದೇ ಬಿಳಿಕಲ್ಲು ಅರಣ್ಯದಲ್ಲಿ ದರೋಜಿಯ ಕರಡಿಧಾಮವಿರುವುದು. ೧೯೯೪ರ ಅಕ್ಟೋಬರಿನಲ್ಲಿ ಸುಮಾರು ೫೬ ಚದರ ಕಿಲೋಮೀಟರು ಬಂಡೆಗಾಡನ್ನು ಕರಡಿಗಳಿಗಾಗಿ ಮೀಸಲಿಟ್ಟರು. ಮುಂದೆ ಅದನ್ನು ವಿಸ್ತರಿಸಿದರು. ನಮ್ಮ ಕರಡಿಯು ಈ ಸೀಮೆಗೆ ತಕ್ಕಂತೆ ಹುಟ್ಟಿದ ಪ್ರಾಣಿ. ಹಗಲಿನ ಉರಿಯನ್ನು ಬಂಡೆಯ ಬಿರುಕಿನಲ್ಲಿ ಕಳೆದು, ಸಂಜೆ ಇಳಿದು, ಉದ್ದವಾದ ಉಗುರಿನಿಂದ ಹುತ್ತವನ್ನು ಕೆದಕಿ, ಮೇಲಿನ ಮುಂಬಲ್ಲುಗಳ ಸಂದಿನಿಂದ ಗೆದ್ದಲನ್ನು ಹೀರುವುದು. ಬೋರೆ, ಕವಳೆ ಮೊದಲಾದ ಹಣ್ಣುಗಳನ್ನು ತಿಂದು ಬೀಜವನ್ನು ದೂರಕ್ಕೆ ಒಯ್ಯುವುದು. ಮರಿಗಳನ್ನು ಬೆನ್ನಮೇಲೆ ಹೊತ್ತು ತಿರುಗುವುದು. ಕಲ್ಲುಗಣಿ ಬಂಡೆಯನ್ನು ಒಡೆದರೆ ಇದಕ್ಕೆ ಮನೆಯಿಲ್ಲ. ಸೌದೆಗಾಗಿ ಪೊದೆಯನ್ನು ಕಡಿದರೆ ಊಟವಿಲ್ಲ.

ಕರಡಿಯನ್ನು ಕನ್ನಡನಾಡಿನ ಹಳ್ಳಿಗಳು ಬಹುಕಾಲ ಬೀದಿಯಲ್ಲಿ ಮೂಗುದಾರ ಹಾಕಿ ಕುಣಿಸಿದುದನ್ನೇ ಕಂಡಿದ್ದುವು. ೧೯೯೮ರ ಪ್ರಕಟನೆಯಿಂದ ಕರಡಿಯ ಪ್ರದರ್ಶನವು ನಿಷಿದ್ಧವಾಗಿ, ಕುಣಿಸುವವರಿಗೆ ಬೇರೆ ಜೀವನೋಪಾಯವನ್ನು ಕಲ್ಪಿಸಿ, ಕರಡಿಗಳನ್ನು ಬನ್ನೇರುಘಟ್ಟದ ಪುನರ್ವಸತಿ ಕೇಂದ್ರಕ್ಕೂ ಇತರ ಕಡೆಗಳಿಗೂ ಸೇರಿಸಿದರು. ೨೦೦೯ರ ಡಿಸೆಂಬರಿನಲ್ಲಿ ಕೊನೆಯ ಕುಣಿಯುವ ಕರಡಿಯೆಂದು ಹೆಸರಾದುದು ಬನ್ನೇರುಘಟ್ಟಕ್ಕೆ ಬಂದಿತು. ಮೃಗಾಲಯದ ವ್ಯವಸ್ಥೆಯು ಮಾಡಿದ ನಿಜವಾದ ಪುಣ್ಯಕಾರ್ಯಗಳಲ್ಲಿ ಇದೊಂದು. ಹಲ್ಲು ಕಿತ್ತ ಆ ಕರಡಿಗಳು ಮತ್ತೆ ಕಾಡಿಗೆ ಹೋಗಲಾರವು; ಅವುಗಳಿಗೆ ಆ ಆವರಣವೇ ನಿಜವಾದ ಆಲಯ.

ದರೋಜಿಯಲ್ಲಿ ಮಾತ್ರ ವಿಚಿತ್ರವಾದೊಂದು ವಿಪರ್ಯಾಸ ಕಂಡುಬಂದಿತು. ಬಂಡೆಯ ಮೇಲೆ ಬೆಲ್ಲದ ಪಾಕವನ್ನು ಬಳಿದು, ಅದನ್ನು ನೆಕ್ಕಲು ಬರುವ ಕರಡಿಯನ್ನು ವೀಕ್ಷಣಗೋಪುರದಿಂದ ಪ್ರವಾಸಿಗರಿಗೆ ತೋರಿಸುವ ಪದ್ಧತಿಯು ಅಲ್ಲಿ ಪ್ರಸಿದ್ಧವಾಯಿತು. ಕಾಡಿನ ಪ್ರಾಣಿಯನ್ನು ನೋಟಕ್ಕಾಗಿ ಕರೆಯುವುದಾದರೆ ಕಾಡೇ ಮೃಗಾಲಯವಾದಂತಾಯಿತಲ್ಲವೆ? ನೆರೆಯಲ್ಲಿ ಮೃಗಾಲಯವಿರುವಾಗ ಈ ಕೆಲಸವನ್ನು ಕಾಡಿಗೆ ಹೊರಿಸಬೇಕಾಗಿಲ್ಲ. ಜನರ ಕಣ್ಣಿನ ಹಸಿವನ್ನು ಮೃಗಾಲಯವು ತಣಿಸಲಿ. ಕಾಡಿನ ಕರಡಿಯು ಕಾಣದೆ ಇರುವ ಹಕ್ಕನ್ನು ಉಳಿಸಿಕೊಳ್ಳಲಿ. ಕಮಲಾಪುರದ ಉದ್ಯಾನವು ದರೋಜಿಗೆ ಮಾಡಬಹುದಾದ ಅತ್ಯಂತ ಸುಲಭವೂ ಅತ್ಯಂತ ಹಿರಿದೂ ಆದ ಉಪಕಾರವು ಇದೇ ಎಂದು ನಮ್ಮ ಅಭಿಪ್ರಾಯ. ಹುಲಿಸಿಂಹಗಳ ಸಫಾರಿಗೆ ಬಂದ ಪ್ರೇಕ್ಷಕನು ಹಿಂದಿರುಗುವಾಗ ನೆರೆಯ ಬಂಡೆಗುಡ್ಡವು ಬರಡಲ್ಲ, ಅದೊಂದು ತುಂಬಿದ ಮನೆಯೆಂಬ ತಿಳಿವಳಿಕೆಯನ್ನು ಒಯ್ದರೆ ಸಿಂಹವು ಅಲ್ಲಿರುವುದಕ್ಕೂ ಒಂದು ಅರ್ಥ ಬರುವುದು.

೬. ಸಿರುಗುಪ್ಪದ ಎರೆಯ ಹಕ್ಕಿ

ಕರಡಿಯದು ಬಂಡೆಯ ಕಥೆಯಾದರೆ ಇನ್ನೊಂದು ಎರೆನೆಲದ ಕಥೆ. ಬಳ್ಳಾರಿಯಿಂದ ಉತ್ತರಕ್ಕೆ ಹೊರಟು, ಕುರುಗೋಡಿನ ಕಲ್ಲುಗುಡ್ಡಗಳನ್ನು ಪಕ್ಕಕ್ಕೆ ಬಿಟ್ಟು ಸಿರುಗುಪ್ಪದ ಕಡೆಗೆ ಸಾಗಿದರೆ ಕಪ್ಪುನೆಲದ ಬಯಲು ತೆರೆಯುವುದು. ಎರ್ಲಡ್ಡು, ಎರೆಭೂತ ಮುಂತಾದ ಹೆಸರುಗಳುಳ್ಳ ಮಹಾಪಕ್ಷಿಗೆ ಕರ್ಣಾಟಕದಲ್ಲಿ ಉಳಿದಿರುವ ಕಡೆಯ ತಾಣವೆಂದು ಹೆಸರಾದುದು ಈ ಸಿರುಗುಪ್ಪದ ಸುತ್ತಲಿನ ಬಯಲೇ. ಹಾರುವ ಹಕ್ಕಿಗಳಲ್ಲಿ ಅತ್ಯಂತ ಭಾರವಾದುವುಗಳಲ್ಲಿ ಇದೊಂದು. ನೆಲದಮೇಲೆಯೇ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಡುವುದು. ‘ಎರೆಭೂತ’ವೆಂಬ ಹೆಸರಿನಲ್ಲಿಯೇ ಅದರ ನೆಲವು ಅಡಗಿದೆ, ಎರೆಯಿಲ್ಲದೆ ಆ ಹೆಸರಿಗೆ ಅರ್ಥವೂ ಇಲ್ಲ.

ಒಂದು ಕಾಲಕ್ಕೆ ರಾಣಿಬೆನ್ನೂರಿನ ಕೃಷ್ಣಮೃಗಧಾಮದಲ್ಲಿಯೂ ಈ ಹಕ್ಕಿಯಿತ್ತು, ಈಗಿಲ್ಲ. ದೇಶದಲ್ಲೆಲ್ಲ ಸೇರಿ ನೂರೈವತ್ತಕ್ಕಿಂತ ಕಡಿಮೆ ಉಳಿದಿರುವುವೆಂಬುದು ಸಾಮಾನ್ಯವಾದ ಅಂದಾಜು. ೨೦೧೧ರಲ್ಲಿ ಇದನ್ನು ಅಳಿವಿನ ಕೊನೆಯ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಕಾರಣಗಳು ಗೂಢವಲ್ಲ. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದ ಮೇಲೆ ಕಾಲುವೆಯ ನೀರು ಹರಿದೆಡೆಯಲ್ಲೆಲ್ಲ ಬಿಳಿಜೋಳದ ಹೊಲ, ಹುಲ್ಲುಬಯಲುಗಳು ಬತ್ತದ ಗದ್ದೆಗಳಾದುವು. ರೈತನಿಗೆ ಅದು ಬಾಳನ್ನು ಕೊಟ್ಟಿತು. ಅದನ್ನು ತಪ್ಪೆನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ನೀರು ನಿಂತ ಗದ್ದೆಯಲ್ಲಿ ಈ ಹಕ್ಕಿ ಮೊಟ್ಟೆಯಿಡಲಾರದು. ಬಯಲಿನಮೇಲೆ ಎಳೆದ ವಿದ್ಯುತ್ತಂತಿಗಳು ಮತ್ತೊಂದು ಕಂಟಕ; ನೇರವಾಗಿ ಮುಂದಕ್ಕೆ ನೋಡಲಾರದ ಭಾರವಾದ ಹಕ್ಕಿಯು ತಂತಿಗೆ ತಾಕಿ ಸಾಯುವುದು.

ಈ ಹಕ್ಕಿಯ ವಿಷಯದಲ್ಲಿ ಸಾಕಿ ಬೆಳಸುವ ಮಾರ್ಗವನ್ನು ಹಿಡಿದಿರುವುದು ರಾಜಸ್ಥಾನದಲ್ಲಿ. ೨೦೧೯ರಲ್ಲಿ ಜೈಸಲ್ಮೇರಿನ ಬಯಲಿನಿಂದ ಮೊಟ್ಟೆಗಳನ್ನು ಆರಿಸಿ, ಕಾವುಪೆಟ್ಟಿಗೆಯಲ್ಲಿಟ್ಟು, ಮರಿಗಳನ್ನು ಬೆಳಸತೊಡಗಿದರು. ಭಾರತೀಯ ವನ್ಯಜೀವಿ ಸಂಸ್ಥೆಯೂ ರಾಜಸ್ಥಾನದ ಅರಣ್ಯ ಇಲಾಖೆಯೂ ಕೂಡಿ ನಡೆಸುತ್ತಿರುವ ಈ ಕಾರ್ಯದಲ್ಲಿ ೨೦೨೪ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿ ಹುಟ್ಟಿತು. ಇದು ಶ್ಲಾಘ್ಯವಾದ ಸಾಧನೆ. ಆದರೆ ಪಂಜರದಲ್ಲಿ ಬೆಳೆದ ಹಕ್ಕಿಯ ಪೀಳಿಗೆಯನ್ನು ಸಿರುಗುಪ್ಪಕ್ಕೆ ಎಂದಾದರೂ ಕರೆತರುವುದಾದರೆ ಅಂದಿಗೆ ಇಲ್ಲಿ ಬಯಲು ಇರಬೇಕಷ್ಟೆ. ಓಮಾನಿನ ಹುಲ್ಲೆಯ ಪಾಠವು ಇಲ್ಲಿಗೆ ಅಕ್ಷರಶಃ ಹೊಂದುವುದು.

ಕಮಲಾಪುರವು ಈ ಹಕ್ಕಿಯನ್ನು ತರಿಸಿ ಸಾಕಬೇಕೆಂದು ನಾವು ಹೇಳುವುದಿಲ್ಲ, ಅದು ಅವಿವೇಕ. ಹೇಳತಕ್ಕುದೇನೆಂದರೆ, ಒಂದು ಸೀಮೆಯ ಮೃಗಾಲಯವು ತಾನು ಸಾಕದ ಪ್ರಾಣಿಗೂ ಹೊಣೆಯಾಗಬಲ್ಲದು. ಆವರಣವಿಲ್ಲದೆ, ಒಂದು ಚಿತ್ರ, ಒಂದು ಫಲಕ, ಒಂದು ಕಥನ, ಟಿಕೀಟಿನಲ್ಲಿ ಒಂದು ಸಣ್ಣ ಪಾಲು, ಮೊಟ್ಟೆಯಿಟ್ಟ ಹೊಲವನ್ನು ಆ ಕಾಲದಲ್ಲಿ ಉಳದೆ ಬಿಟ್ಟ ರೈತನಿಗೆ ಪರಿಹಾರ: ಇಷ್ಟರಿಂದ ಮೃಗಾಲಯವು ಖಾಲಿಯಾದ ಜಾಗದಲ್ಲಿಯೂ ಸಂರಕ್ಷಣೆ ಮಾಡಿದಂತಾಗುವುದು.

೭. ‘ದತ್ತು’ ಎಂಬ ಮಾತು

ಇಲ್ಲಿ ಹಣದ ಮಾತು ಬಂದುದರಿಂದ ಒಂದು ಶಬ್ದವನ್ನು ಪರೀಕ್ಷಿಸುವುದು ಅವಶ್ಯ. ನಮ್ಮ ಮೃಗಾಲಯಗಳಲ್ಲಿ ಪ್ರಾಣಿಗಳನ್ನು ‘ದತ್ತು ತೆಗೆದುಕೊಳ್ಳುವ’ ಪದ್ಧತಿಯುಂಟು. ಗೊತ್ತಾದ ಹಣವನ್ನು ಕೊಟ್ಟವನು ಗೊತ್ತಾದ ಅವಧಿಯವರೆಗೆ ಆ ಪ್ರಾಣಿಯ ಪೋಷಕನೆನಿಸುವನು. ಉದಾರಿಗಳಾದ ಜನರು ಇದಕ್ಕೆ ಮುಂದೆ ಬಂದಿರುವುದು ಸಂತೋಷದ ಸಂಗತಿ. ಆದರೆ ನಮ್ಮ ಧರ್ಮಶಾಸ್ತ್ರದಲ್ಲಿಯೂ ಲೋಕವ್ಯವಹಾರದಲ್ಲಿಯೂ ದತ್ತುವೆಂದರೆ ವಂಶವನ್ನು ಮುಂದುವರಿಸುವ ಹೊಣೆ. ವರ್ಷಕ್ಕೊಮ್ಮೆ ಮುಗಿಯುವ ಸಂಬಂಧವಲ್ಲ. ಈಗಿನ ದತ್ತು ಪ್ರಾಣಿಯ ಊಟದ ಖರ್ಚಿಗೆ ಸೇರುವುದು. ಅದರ ವಂಶವು ಬಾಳಬೇಕಾದ ನೆಲಕ್ಕೆ ಅಲ್ಲ. ಶಬ್ದವನ್ನು ಬಿಡಬೇಕಾಗಿಲ್ಲ, ಅದಕ್ಕೆ ತಕ್ಕ ಅರ್ಥವನ್ನು ತುಂಬಬೇಕು. ಒಳಗಿನ ಕರಡಿಯನ್ನು ದತ್ತು ತೆಗೆದುಕೊಂಡವನ ಹಣದಲ್ಲಿ ಒಂದು ಪಾಲು ದರೋಜಿಯ ಪೊದೆಗಾಡಿಗೆ ಹೋಗುವುದೆಂದು ನಿಯಮವಾದರೆ ಆ ಮಾತು ಸಾರ್ಥಕವಾಗುವುದು.

೮. ಆಕ್ಷೇಪ ಸಮಾಧಾನಗಳು

ಸಂಸ್ಥೆಯನ್ನು ನಡೆಸುವವರ ಪಕ್ಷದಿಂದ ಒಂದು ಆಕ್ಷೇಪ ಬರಬಹುದು: ಮೃಗಾಲಯಕ್ಕೆ ತನ್ನ ಪ್ರಾಣಿಗಳನ್ನು ಸಾಕುವುದೇ ಕಷ್ಟವಾಗಿರುವಾಗ ಹೊರಗಿನ ಕಾಡಿನ ಭಾರವನ್ನೂ ಹೊರಿಸುವುದು ಸರಿಯೇ? ಕಾಡು ಅರಣ್ಯ ಇಲಾಖೆಯ ಕೆಲಸವಲ್ಲವೆ? ಈ ಆಕ್ಷೇಪವು ಹುರುಳಿಲ್ಲದ್ದಲ್ಲ. ಆದರೆ ಸಂರಕ್ಷಣೆಯೆಂಬ ಹೆಸರನ್ನು ಧರಿಸಿದ ಮೇಲೆ ಆ ಹೆಸರಿನ ಭಾರವನ್ನೂ ಹೊರಲೇಬೇಕು. ಭಾರವಾಯಿತೆಂದರೆ, ಇದು ವಿನೋದಸ್ಥಾನವೆಂದು ಪ್ರಾಮಾಣಿಕವಾಗಿ ಹೇಳಿಕೊಂಡರೂ ದೋಷವಿಲ್ಲ. ಅಲ್ಲದೆ ಪ್ರತಿಯೊಂದು ಮೃಗಾಲಯವೂ ಎಲ್ಲ ಪ್ರಾಣಿಗಳಿಗೂ ಹೊಣೆಯಾಗಬೇಕೆಂದು ನಮ್ಮ ಮತವಲ್ಲ. ತನ್ನ ಸೀಮೆಯ ಎರಡು ಮೂರು ಜೀವಿಗಳಿಗೆ ಹೊಣೆಯಾದರೆ ಸಾಕು.

ಇನ್ನು ಪ್ರಾಣಿಯನ್ನು ಬಂಧನದಲ್ಲಿಡುವುದೇ ಅನ್ಯಾಯ, ಮೃಗಾಲಯಗಳನ್ನೆಲ್ಲ ಮುಚ್ಚಬೇಕು ಎಂಬ ಪಕ್ಷವೂ ಉಂಟು. ದಯೆಯಿಂದ ಹುಟ್ಟಿದ ಈ ಮಾತನ್ನು ತಿರಸ್ಕರಿಸುವಂತಿಲ್ಲ. ಆದರೂ ಕುಣಿಸಿ ಕೆಡಿಸಿದ ಕರಡಿಗೂ ನೆಲೆ ಕಳೆದುಕೊಂಡ ಹುಲ್ಲೆಗೂ ಬೇರೆ ಆಶ್ರಯವಿರಲಿಲ್ಲವೆಂಬುದನ್ನು ಈ ಪಕ್ಷದವರು ಆಲೋಚಿಸಬೇಕು.

೯. ಉಪಸಂಹಾರ

ಮೇಲೆ ವಿಚಾರಿಸಿದುದರ ಸಾರವಿಷ್ಟು. ಮೃಗಾಲಯವು ಪೂರಕವಾದ ಸಂಸ್ಥೆ; ಅದರ ಬೆಲೆಯನ್ನು ಅದು ಪೂರೈಸುವ ನೆಲದಿಂದ ಕಟ್ಟಬೇಕು. ಕಮಲಾಪುರದ ಉದ್ಯಾನಕ್ಕೆ ದರೋಜಿಯ ಬಂಡೆಯೂ ಸಿರುಗುಪ್ಪದ ಎರೆಯೂ ಎರಡು ಒರೆಗಲ್ಲುಗಳು.

ಈ ಕಾರ್ಯದಲ್ಲಿ ವಿದ್ವಾಂಸರಿಗೂ ಉಪಾಧ್ಯಾಯರಿಗೂ ಪಾಲುಂಟು. ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ಹಳ್ಳಿಗಳಲ್ಲಿ ಕುರಿಗಾಹಿಗಳೂ ಮುದುಕರಾದ ಒಕ್ಕಲಿಗರೂ ಬಳಸುವ ಪ್ರಾಣಿಪಕ್ಷಿಗಳ ಹೆಸರುಗಳನ್ನೂ ಅವುಗಳ ನಡವಳಿಕೆಯನ್ನು ಹೇಳುವ ಮಾತುಗಳನ್ನೂ ವಿದ್ಯಾರ್ಥಿಗಳ ಸಹಾಯದಿಂದ ಸಂಗ್ರಹಿಸಿ ಮೃಗಾಲಯದ ಫಲಕಗಳಿಗೆ ಒದಗಿಸಬಹುದು. ಬೇರೆ ಭಾಷೆಯಿಂದ ತರ್ಜುಮೆಮಾಡಿದ ಒಣವಾಕ್ಯಗಳಿಗಿಂತ ಆ ಹೆಸರುಗಳು ಹೆಚ್ಚು ಹೇಳುವುವು. ಆನೆಗೂ ಹಸುವಿಗೂ ಕುದುರೆಗೂ ಶಾಸ್ತ್ರವನ್ನು ಬರೆದ ಭಾಷೆಯಲ್ಲಿ ಎರೆಯ ಹಕ್ಕಿಗೆ ನಾಲ್ಕು ಪುಟಗಳಿಲ್ಲವೆಂಬುದು ನಮಗೆ ಗೌರವದ ವಿಷಯವಲ್ಲ. ಹಕ್ಕಿ ಇನ್ನೂ ಇರುವಾಗಲೇ ಆ ಪುಟಗಳು ಬರೆಯಲ್ಪಡಬೇಕು. ತೀರಿದ ಮೇಲೆ ಬರೆದರೆ ಅದು ಚರಮಗೀತೆಯಾಗುವುದಲ್ಲದೆ ಶಾಸ್ತ್ರವಾಗದು.